ಮಲ್ಲಾಪುರದ ಮೀನೂಟದ ಖಾನಾವಳಿ: ಇಪ್ಪತ್ತೆರಡು ರಾತ್ರಿ ಉಂಡವನ ಮಾತು

ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಒಂದು ಘಟಕವನ್ನು ನಿರ್ವಹಣೆಗಾಗಿ ನಿಲ್ಲಿಸಿದಾಗ ಹಾವೇರಿಯಿಂದ ಗುತ್ತಿಗೆ ಕೆಲಸಕ್ಕೆ ಹೋದ ಎಲೆಕ್ಟ್ರಿಷಿಯನ್ ನಾನು. ಮಲ್ಲಾಪುರದಲ್ಲಿ ಬಾಡಿಗೆ ಕೋಣೆ, ರಸ್ತೆಯಾಚೆ ಈ ಖಾನಾವಳಿ. ಇಪ್ಪತ್ತೆರಡು ದಿನ ರಾತ್ರಿಯೂಟ ಇಲ್ಲಿಯೇ ಆಯಿತು.

ಹಂಚಿನ ಮಾಡು, ಆರು ಮೇಜು, ಕೈ ತೊಳೆಯಲು ಒಂದೇ ನಲ್ಲಿ. ಕುಚಲಕ್ಕಿ ಅನ್ನ, ಬಂಗುಡೆ ಸಾರು, ಪಲ್ಯ, ಲೋಟದ ತುಂಬ ಸೋಲ್ಕಡಿ (ಕೋಕಂ, ತೆಂಗಿನಹಾಲಿನ ಪಾನೀಯ) ಸೇರಿ 130 ರೂಪಾಯಿ. ರೊಟ್ಟಿ ತಿಂದು ಬೆಳೆದ ನನಗೆ ಕುಚಲಕ್ಕಿ ಮೊದಲೆರಡು ದಿನ ಗಂಟಲಲ್ಲಿ ಇಳಿಯಲಿಲ್ಲ. ಇಳಿಸಿದ್ದು ಆ ಸಾರು. ಖಾನಾವಳಿ ನಡೆಸುವ ಅಕ್ಕ ತಿರ್ಫಲವನ್ನು, ಅಂದರೆ ಮೀನಿನ ಸಾರಿಗೆ ಹಾಕುವ ಒಣಗಿಸಿದ ಘಮದ ಕಾಯನ್ನು, ಮಸಾಲೆಯೊಂದಿಗೆ ಅರೆಯುವುದಿಲ್ಲ. ಒರಳಿನಲ್ಲಿ ಒಮ್ಮೆ ಜಜ್ಜಿ, ಪಾತ್ರೆ ಇಳಿಸುವ ಹೊತ್ತಿಗೆ ಹಾಕಿ ಮುಚ್ಚಿಬಿಡುತ್ತಾರೆ. ಮುಚ್ಚಳ ತೆಗೆದರೆ ಕಿತ್ತಳೆ ಸಿಪ್ಪೆ ಸುಲಿದಂಥ ಘಮ, ಆಮೇಲೆ ನಾಲಿಗೆಯ ತುದಿ ಜುಮ್ಮೆನ್ನುತ್ತದೆ.

ನಮ್ಮ ಗುತ್ತಿಗೆದಾರ ಕೂಲಿಯನ್ನು ಹತ್ತು ದಿನ ತಡ ಮಾಡಿದ. ಹನ್ನೊಂದು ಜನರ ಊಟವನ್ನು ಅಕ್ಕ ನೀಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೇ ಹೊರತು ಯಾರ ಎಲೆಗೂ ಮೀನಿನ ತುಂಡು ಕಡಿಮೆ ಬೀಳಲಿಲ್ಲ. ಆ ಹತ್ತು ದಿನ ಕಿರಾಣಿ ಅಂಗಡಿಯಲ್ಲಿ ಸಾಲ ಹೇಳಿದವರು ಅವರು. ಇದನ್ನು ನಾನು ಮರೆಯಲಾರೆ.

ಘಟಕ ನಿಂತಾಗ ದಿನಕ್ಕೆ ಹದಿನೈದು ಕಿಲೋ ಅಕ್ಕಿ ಬೇಯುತ್ತದೆ, ಉಳಿದ ದಿನಗಳಲ್ಲಿ ನಾಲ್ಕು. ಒಂದನೆಯ ಘಟಕ 962 ದಿನ ನಿಲ್ಲದೆ ಓಡಿ 2018ರಲ್ಲಿ ವಿಶ್ವದಾಖಲೆ ಬರೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಆ ಘಟಕದ ನಿರ್ವಹಣೆಗೆ ಬರುವ ಗಿರಾಕಿಗಳನ್ನು ಅಕ್ಕ ಎರಡೂವರೆ ವರ್ಷ ಕಾಣಲಿಲ್ಲ. 220 ಮೆಗಾವಾಟ್‌ನ ನಾಲ್ಕು ಘಟಕಗಳ ಪಕ್ಕದಲ್ಲಿ ಬದುಕುವವರ ಲೆಕ್ಕವೇ ಬೇರೆ ಎಂಬುದು ನನಗೆ ಹೊಳೆದದ್ದು ಅವರ ಮಾತಿನಿಂದ.

ತಲಾ 700 ಮೆಗಾವಾಟ್‌ನ ಹೊಸ ಐದು ಮತ್ತು ಆರನೆಯ ಘಟಕಗಳನ್ನು ನಂಬಿ ಸಾಲ ಮಾಡಿ ಮಾಳಿಗೆ ಕಟ್ಟಿಸಲೇ ಎಂದು ಅಕ್ಕ ಕೇಳಿದರು. ಕಟ್ಟಡದ ಕೆಲಸ ನಡೆಯುವಷ್ಟು ವರ್ಷ ಜನ ತುಂಬಿರುತ್ತಾರೆ, ಮುಗಿದ ಮೇಲೆ ಉಳಿಯುವವರು ಕಾಲೊನಿಯಲ್ಲಿ ಮನೆಯೂಟ ಮಾಡುವ ಕಾಯಂ ನೌಕರರು. ಫ್ರೀಜರ್ ಕೊಳ್ಳಿ, ಮಾಳಿಗೆ ಬೇಡ ಎಂದೆ. ಐಟಿಐ ಓದುತ್ತಿರುವ ಅವರ ಮಗನಿಗೆ ಅಲ್ಲಿ ಕಾಯಂ ಕೆಲಸ ಸಿಕ್ಕರೆ ಆ ಮನೆಗೆ ಬರುವ ಬಲ ಮಾಳಿಗೆಯಿಂದ ಬರುವುದಿಲ್ಲ.

ಎಂಟೂವರೆಯೊಳಗೆ ಹೋಗಿ, ಆಮೇಲೆ ಬಂಗುಡೆ ಮುಗಿದಿರುತ್ತದೆ. ಸೋಮವಾರ ಮೀನಿಲ್ಲ, ಮೊಟ್ಟೆ ಸಾರು. ಲೆಕ್ಕವನ್ನು ಅಂದಂದೇ ಚುಕ್ತಾ ಮಾಡಿ.