ಹೊಸ ಸಿಡಿ ಪ್ಲೇಯರ್‌ಗೆ ದುಡ್ಡು ಹಾಕುವ ಮೊದಲು ಸ್ಪೀಕರ್ ವೈರ್ ನೋಡಿ

ಮನೆಯಲ್ಲಿ ಹಾಡು ಸರಿಯಾಗಿ ಕೇಳಿಸುತ್ತಿಲ್ಲ ಎಂದರೆ ಸಾಕು, "ಪ್ಲೇಯರ್ ಹಳೇದಾತ್ರಿ, ಬದಲಿ ಮಾಡ್ರಿ" ಎನ್ನುವ ಅಂಗಡಿಯವರಿದ್ದಾರೆ. ಹುಬ್ಬಳ್ಳಿಯ ಅಂಥ ಒಂದು ಅಂಗಡಿಯಲ್ಲಿ ನಮ್ಮ ಕಾಕಾ 38,000 ರೂಪಾಯಿ ಸುರಿದು ಬಂದರು. ಬೇರೆಯವರಿಗೆ ಹೀಗಾಗಬಾರದು ಎಂದು ಬರೆಯುತ್ತಿದ್ದೇನೆ.

ಕಾಕಾ ಧಾರವಾಡದಲ್ಲಿರುತ್ತಾರೆ, ನಿವೃತ್ತ ಮಾಸ್ತರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಸಿಡಿಗಳನ್ನು ಒಂದೊಂದಾಗಿ ಕೂಡಿಸಿಟ್ಟವರು. ದೀಪಾವಳಿಗೆ ಮುಂಚೆ ಮನೆಗೆ ಬಣ್ಣ ಹಚ್ಚಿಸಿದರು. ಅಲ್ಲಿಂದ ಒಂದೇ ಕೊರಗು: "ತಮ್ಮಾ, ಡಗ್ಗಾ ಕೇಳಸವಲ್ದು. ಹಾಡೋರು ಎಲ್ಲಿ ಕುಂತಾರ ಅನ್ನೂದ ತಿಳೀವಲ್ದು." ಡಗ್ಗಾ ಎಂದರೆ ತಬಲಾ ಜೋಡಿಯಲ್ಲಿ ತಗ್ಗಿನ ದನಿ ಕೊಡುವ ದೊಡ್ಡದು.

ಅಂಗಡಿಯವರು ಮನೆಗೆ ಬಂದು ನೋಡಲಿಲ್ಲ. ಯಾವಾಗಿನಿಂದ ಹೀಗಾಗಿದೆ, ಸ್ಪೀಕರ್ ಎಲ್ಲಿಟ್ಟಿದ್ದೀರಿ ಎಂದು ಕೇಳಲೂ ಇಲ್ಲ. ಒಂದು ಸಾದಾ ಪ್ಲೇಯರ್, ಒಂದು ದುಬಾರಿ ಪ್ಲೇಯರ್ ಹಚ್ಚಿ ಒಂದೇ ಹಾಡು ಕೇಳಿಸಿದರು. "ವಾಲ್ಯೂಮ್ ಮುಟ್ಟಿಲ್ಲ ನೋಡ್ರಿ ಸರ್" ಎಂದರು. ದುಬಾರಿಯದು ತುಂಬಿಕೊಂಡು ಕೇಳಿಸಿತು. ಕಾಕಾ ಒಪ್ಪಿದರು.

ವಾಲ್ಯೂಮ್ ಮುಟ್ಟದೇ ಇರುವುದೇ ಇಲ್ಲಿನ ಮೋಸ. ಸಿಡಿ ಪ್ಲೇಯರ್ ಆಂಪ್ಲಿಫೈಯರ್‌ಗೆ ಕೊಡುವ ಸಿಗ್ನಲ್ ಸಾಮಾನ್ಯವಾಗಿ ಹೆಚ್ಚೆಂದರೆ 2 ವೋಲ್ಟ್. ಕೆಲವು 2.5 ವೋಲ್ಟ್ ತನಕ ಕೊಡುತ್ತವೆ. ಆಗ ಗುಂಡಿ ಇದ್ದಲ್ಲೇ ಇದ್ದರೂ ಸೌಂಡ್ ಸುಮಾರು 2 ಡೆಸಿಬೆಲ್ ಜಾಸ್ತಿ ಆಗುತ್ತದೆ. ಇಷ್ಟು ಸಣ್ಣ ಏರಿಕೆ ನಮಗೆ ಜೋರು ಅನ್ನಿಸುವುದಿಲ್ಲ, ಚಲೋ ಅನ್ನಿಸುತ್ತದೆ. ಎಂಥ ತಯಾರಾದ ಕಿವಿಯೂ ಇದಕ್ಕೆ ಸಿಕ್ಕಿಬೀಳುತ್ತದೆ.

ಮನೆಗೆ ತಂದು ಹಚ್ಚಿದರೆ ಡಗ್ಗಾ ಮತ್ತೆ ಮಾಯ! ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡಿ ಎಂದು ಅಂಗಡಿಯವರು ಬಹಳ ಕಾಡಿದ್ದರಂತೆ, ಕಾಕಾ ಕೊಟ್ಟಿರಲಿಲ್ಲ. ಅದೇ ಪುಣ್ಯ. ಎರಡನ್ನೂ ಒಂದೇ ಆಂಪ್ಲಿಫೈಯರ್‌ಗೆ ಹಚ್ಚಿದೆವು. 1,000 ಹರ್ಟ್ಜ್ ಟೆಸ್ಟ್ ಸೌಂಡ್ ಹಾಕಿ, ಸ್ಪೀಕರ್‌ಗೆ ವೈರ್ ಕೂಡುವಲ್ಲಿ ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್) ಹಿಡಿದು ಎರಡರ ಮಟ್ಟ ಸಮ ಮಾಡಬೇಕೆಂದಿದ್ದೆ. ಮೀಟರ್ ಹಿಡಿಯಲು ಹಿಂದೆ ಬಗ್ಗಿದಾಗಲೇ ಕಂಡಿತು: ಬಲಗಡೆ ಸ್ಪೀಕರ್‌ನ ಕೆಂಪು, ಕಪ್ಪು ವೈರ್ ಅದಲು ಬದಲಾಗಿದ್ದವು. ಬಣ್ಣದ ಕೆಲಸಕ್ಕೆ ಬಿಚ್ಚಿದವರು ಹಾಗೆ ಜೋಡಿಸಿಬಿಟ್ಟಿದ್ದರು.

ಹೀಗಾದರೆ ಒಂದು ಸ್ಪೀಕರ್‌ನ ಕೋನ್ (ಅದುರಿ ಸೌಂಡ್ ಮಾಡುವ ಭಾಗ) ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ತಗ್ಗಿನ ಸ್ವರಗಳು ಒಂದನ್ನೊಂದು ಕಡಿದುಹಾಕುತ್ತವೆ, ನಡುವೆ ಕೂತಂತೆ ಕೇಳಿಸಬೇಕಾದ ಹಾಡುಗಾರರು ಚದುರಿಹೋಗುತ್ತಾರೆ. ಕಾಕಾ ಹೇಳಿದ್ದೂ ಇದನ್ನೇ ಅಲ್ವಾ? ಅವರ ಕಿವಿ ರೋಗವನ್ನು ಸರಿಯಾಗಿಯೇ ಹೇಳಿತ್ತು. ಕೇಳುವವರು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ವೈರ್ ತಿರುಗಿಸಿ ಹಚ್ಚಿದೆವು. ಡಗ್ಗಾ ಬಂತು. ಖರ್ಚು ಏನೂ ಇಲ್ಲ.

ಆಮೇಲೆ ಮಟ್ಟ ಸಮ ಮಾಡಿ, ಪ್ಲೇಯರ್‌ಗಳ ಮೇಲೆ ಟವೆಲ್ ಮುಚ್ಚಿ, ಯಾವುದು ಯಾವುದು ಎಂದು ಹೇಳದೆ ಕೇಳಿಸಿದೆವು. ಕಾಕಾಗೆ ಗುರುತು ಹತ್ತಲಿಲ್ಲ. ನನಗೂ ಹತ್ತಲಿಲ್ಲ. ಸಿಡಿ 1982ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಅದರಲ್ಲಿರುವುದು ಅದೇ 16 ಬಿಟ್‌ನ, ಎಡ-ಬಲ ಒಂದೊಂದಕ್ಕೂ ಸೆಕೆಂಡಿಗೆ 44,100 ಅಂಕಿಗಳು. ಅವನ್ನು ಸರಿಯಾಗಿ ಓದಿ ಸೌಂಡ್ ಮಾಡುವ ಚಿಪ್ ಈಗ ಅಗ್ಗ. ಕೆಟ್ಟಿರದ ಎರಡು ಪ್ಲೇಯರ್‌ಗಳ ನಡುವೆ ಕಿವಿಗೆ ಗೊತ್ತಾಗುವಷ್ಟು ವ್ಯತ್ಯಾಸ ಇರುವುದು ಅಪರೂಪ. ಇನ್ನು 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯಿಂದ ಸಿಡಿಗೆ ಇಳಿಸಿದ ಹಳೆಯ ಗಾಯನವಂತೂ, ರೆಕಾರ್ಡಿಂಗ್‌ನಲ್ಲೇ ಇಲ್ಲದ್ದನ್ನು ಯಾವ ಪ್ಲೇಯರ್ ಕೊಟ್ಟೀತು?

ಪ್ಲೇಯರ್ ಸಿಡಿ ಓದದಿದ್ದರೆ, ಹಾಡು ಜಿಗಿದರೆ, ಗುಂಯ್ ಎಂದರೆ ಮಾತು ಬೇರೆ. ಆಗಲೂ ಮೊದಲು ಲೆನ್ಸ್ ಒರೆಸಿ ನೋಡಿ. ಕಿವಿಗೆ ನಿಜವಾಗಿ ಗೊತ್ತಾಗುವ ಬದಲಾವಣೆ ಬರುವುದು ಸ್ಪೀಕರ್‌ನಿಂದ, ಅದನ್ನಿಟ್ಟ ಜಾಗದಿಂದ. ಕಾಕಾನ ಸ್ಪೀಕರ್ ಶೋಕೇಸ್ ಒಳಗಿದ್ದವು. ಹೊರಗೆ ತೆಗೆದು ಗೋಡೆಯಿಂದ ದೂರ ಇಟ್ಟೆವು, ಟೈಲ್ಸ್ ನೆಲಕ್ಕೆ ನವಲಗುಂದದ ಜಮಖಾನ ಹಾಸಿದೆವು. ಕೋಣೆಯ ಪ್ರತಿಧ್ವನಿ ಎಷ್ಟೋ ಇಳಿಯಿತು.

ಅಂಗಡಿಗೆ ವಾಪಸ್ ಒಯ್ದರೆ "ಡಬ್ಬಿ ಒಡದ ಮ್ಯಾಲೆ ತಗೊಳ್ಳಂಗಿಲ್ರಿ" ಎಂದರು. ಕೊಟ್ಟಿದ್ದು ಕಚ್ಚಾ ಬಿಲ್, ಅದರಲ್ಲಿ ಮಾಡೆಲ್ ನಂಬರ್ ಕೂಡ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ನೀವು ಏನೇ ಕೊಂಡರೂ ಪಕ್ಕಾ ಬಿಲ್ ಕೇಳಿ, ವಾಪಸ್ ತಗೊಳ್ಳುವ ಮಾತನ್ನು ಅದರ ಮೇಲೇ ಬರೆಸಿಕೊಳ್ಳಿ. ಬರೆದು ಕೊಡುವುದಿಲ್ಲ ಎಂದರೆ ದುಡ್ಡು ಕೊಡಬೇಡಿ.