ಬೆವರಿನ ಲೆಕ್ಕ, ತಟ್ಟೆಯ ಲೆಕ್ಕ: ಒಂದು ಫಿಟ್‌ನೆಸ್ ಬ್ಯಾಂಡಿನ ವಿಮರ್ಶೆ

ಕೊಬ್ಬು ಕರಗಿಸುವ ಉದ್ದೇಶದಿಂದ ಕೊಂಡ ಫಿಟ್‌ನೆಸ್ ಬ್ಯಾಂಡನ್ನೂ ಅದರೊಂದಿಗೆ ಬರುವ ಆಹಾರದ ಆ್ಯಪನ್ನೂ ಕೆಲವು ತಿಂಗಳು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಬ್ಯಾಂಡು ಹಗುರವಾಗಿದೆ, ಚಾರ್ಜು ಚೆನ್ನಾಗಿ ಬಾಳುತ್ತದೆ, ಮತ್ತು ಒಂದೇ ವೇಗದಲ್ಲಿ ನಡೆಯುವಾಗ ಅದು ತೋರಿಸುವ ಎದೆಬಡಿತವು ಕೈಯ ನಾಡಿ ಹಿಡಿದು ಎಣಿಸಿದ ಸಂಖ್ಯೆಗೆ ಬಹುಮಟ್ಟಿಗೆ ಹೊಂದುತ್ತದೆ. ತೊಡಕಿರುವುದು ಕ್ಯಾಲೊರಿಯ ಲೆಕ್ಕದಲ್ಲಿ.

70 ಕಿಲೋ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಸುಮಾರು 300 ಕ್ಯಾಲೊರಿ ಖರ್ಚಾಗುತ್ತದೆ. ಆದರೆ ಆ ಗಂಟೆ ಸುಮ್ಮನೆ ಕುಳಿತಿದ್ದರೂ ದೇಹವು ಸುಮಾರು 70 ಕ್ಯಾಲೊರಿಯನ್ನು ಹೇಗೂ ಬಳಸುತ್ತಿತ್ತು, ಆದ್ದರಿಂದ ನಡಿಗೆಯ ನಿಜವಾದ ಗಳಿಕೆ 230ರ ಆಸುಪಾಸು ಮಾತ್ರ. ಈ ಆ್ಯಪು ಆ 70ನ್ನು ಕಳೆಯದೆ, ಪೂರ್ತಿ ಮೊತ್ತವನ್ನು ‘ಇನ್ನೂ ತಿನ್ನಬಹುದು’ ಎಂಬ ಹಸಿರು ಪಟ್ಟಿಗೆ ಸೇರಿಸಿಬಿಡುತ್ತದೆ. ಮೂಲ ಅಂದಾಜೇ ಗಟ್ಟಿಯಲ್ಲ ಎಂಬುದನ್ನೂ ನೆನಪಿಡಬೇಕು: ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇಂಥ ಏಳು ಸಾಧನಗಳ ಪೈಕಿ ಅತ್ಯಂತ ನಿಖರವಾದದ್ದೂ ಕ್ಯಾಲೊರಿಯಲ್ಲಿ ಸರಾಸರಿ ಶೇ. 27ರಷ್ಟು ತಪ್ಪಿತ್ತು. ಅಡುಗೆಗೆ ಸುರಿದ ಎರಡು ದೊಡ್ಡ ಚಮಚ ಎಣ್ಣೆಯನ್ನು ಆ್ಯಪಿನಲ್ಲಿ ನಮೂದಿಸಲು ಮರೆತರೆ ಸುಮಾರು 240 ಕ್ಯಾಲೊರಿ, ಅಂದರೆ ಆ ಇಡೀ ಗಂಟೆಯ ನಡಿಗೆ, ಅಲ್ಲಿಗೆ ಸರಿಹೋಯಿತು. ಹಸಿರು ಪಟ್ಟಿಯನ್ನು ನಂಬಿ ಊಟ ಹೆಚ್ಚಿಸಿದವರ ತೂಕ ಇಳಿಯದಿದ್ದರೆ ಅದು ಅವರ ಸೋಮಾರಿತನವಲ್ಲ.

ಸೆಟ್ಟಿಂಗ್ಸ್‌ನ ಒಳಪುಟದಲ್ಲಿ ಈ ಸೇರ್ಪಡೆಯನ್ನು ನಿಲ್ಲಿಸುವ ಅವಕಾಶವಿದೆ. ನಿಲ್ಲಿಸಿದ ಮೇಲೆ ಆ್ಯಪು ನಿಜಕ್ಕೂ ಉಪಯುಕ್ತವಾಗುತ್ತದೆ: ತೂಕ ಇಳಿಯಲು ಬೇಕಾದ ಕ್ಯಾಲೊರಿ ಕೊರತೆಯ, ಅಂದರೆ ಖರ್ಚಿಗಿಂತ ಕಡಿಮೆ ತಿನ್ನುವುದರ, ಹೆಚ್ಚಿನ ಭಾರವನ್ನು ಊಟ ಹೊರುತ್ತದೆ, ಬಿರುಸು ನಡಿಗೆಯಂಥ ಕಾರ್ಡಿಯೊ ವ್ಯಾಯಾಮ ಹೃದಯವನ್ನು ಬಲಪಡಿಸುತ್ತ ಆ ಕೊರತೆಗೆ ಒಂದಿಷ್ಟು ಸೇರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮವನ್ನೇ ಇದು ಗುರಿಯಾಗಿ ಇಡುತ್ತದೆ. ತೂಕದ ವಾರದ ಸರಾಸರಿಯನ್ನು ತೋರಿಸುವ ಗ್ರಾಫು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಯಿತು. ಉಪ್ಪು, ನೀರುಗಳಿಂದ ದಿನದಿನಕ್ಕೂ ಏರಿಳಿಯುವ ಸಂಖ್ಯೆಗೆ ಅಂಜಿ ಊಟವನ್ನು ಇನ್ನಷ್ಟು ಕಡಿತಗೊಳಿಸುವುದನ್ನು ಅದು ತಪ್ಪಿಸುತ್ತದೆ.

ಪ್ರೋಟೀನಿನ ಗುರಿಯನ್ನು ಮಾತ್ರ ನಂಬಬೇಡಿ. ಒಟ್ಟು ಕ್ಯಾಲೊರಿಯ ಶೇ. 20 ಎಂದು ಅದು ನಿಗದಿಪಡಿಸುವುದರಿಂದ, 2000 ಕ್ಯಾಲೊರಿಯಲ್ಲಿ 100 ಗ್ರಾಂ ಇದ್ದದ್ದು 1500ಕ್ಕೆ ಇಳಿದಾಗ 75 ಗ್ರಾಂ ಆಗುತ್ತದೆ. ಸ್ನಾಯು ಉಳಿಸಿಕೊಳ್ಳಲು ಪ್ರೋಟೀನು ಹೆಚ್ಚು ಬೇಕಾದ ಹೊತ್ತಿನಲ್ಲೇ ಅದು ಕಡಿಮೆಯಾಗುತ್ತದೆ. ಗುರಿಯನ್ನು ದೇಹತೂಕದ ಮೇಲೆ ಲೆಕ್ಕಹಾಕಿ ಕೈಯಾರೆ ತುಂಬುವುದೇ ಸರಿ. ಸೆಟ್ಟಿಂಗ್ಸ್ ತೆರೆದು ಈ ಎರಡನ್ನೂ ಬದಲಿಸಿಕೊಳ್ಳುವವರು ಕೊಳ್ಳಬಹುದು. ಪೆಟ್ಟಿಗೆಯಿಂದ ತೆಗೆದು ಹಾಗೇ ಬಳಸುವವರಿಗೆ ಇದನ್ನು ಸೂಚಿಸಲಾರೆ.