ಡಿಜಿಟಲ್ ಟ್ರೆಷರ್ ಹಂಟ್ ಮಾಡಿಸುವ ಮುನ್ನ ಕೇಳಿ: ಲಿಂಕ್ ಯಾರದು, ಪಟ್ಟಿ ಯಾರ ಹತ್ತಿರ?

ಮಕ್ಕಳಿಗೆ ಊರಿನ ಜಾಗಗಳನ್ನು ತೋರಿಸಬೇಕು, ಸಂಘಕ್ಕೆ ಹೊಸಬರು ಬರಬೇಕು ಅಂತ ಈಗ ಎಷ್ಟೋ ಕಡೆ ಡಿಜಿಟಲ್ ಟ್ರೆಷರ್ ಹಂಟ್ ಮಾಡುತ್ತಿದ್ದಾರೆ. ರಾಜ್ಯೋತ್ಸವ ಇರಲಿ, ಶಾಲೆಯ ವಾರ್ಷಿಕೋತ್ಸವ ಇರಲಿ, ಅಪಾರ್ಟ್‌ಮೆಂಟಿನ ಗಣೇಶನ ಹಬ್ಬ ಇರಲಿ. ಗೋಡೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಒಂದು ಸುಳಿವು ಬರುತ್ತದೆ. ಅದನ್ನು ಬಿಡಿಸಿದರೆ ಮುಂದಿನ ಜಾಗ. ಕೊನೆಗೆ ಬಹುಮಾನ. ಒಳ್ಳೆಯ ಆಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದನ್ನು ನಡೆಸಿಕೊಡುತ್ತೇವೆ ಅಂತ ಬರುವ ಕೆಲವು ಇವೆಂಟ್ ಕಂಪನಿಗಳ ಕಣ್ಣು ಇರುವುದೇ ಆಡಲು ಬರುವವರ ಫೋನ್ ನಂಬರಿನ ಮೇಲೆ. ಮೈಸೂರಿನಲ್ಲಿ ನಮ್ಮ ಓದುಗರ ಬಳಗಕ್ಕೆ ಆದದ್ದು ಬೇರೆಯವರಿಗೆ ಆಗಬಾರದು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನವೆಂಬರಿನ ಒಂದು ಭಾನುವಾರ, ಮೈಸೂರಿನ ಹಳೆಯ ಜಾಗಗಳನ್ನು ಮನೆಮಂದಿಯೆಲ್ಲ ಸೇರಿ ನಡೆದು ನೋಡಲಿ ಅನ್ನುವುದು ಬಳಗದ ಆಸೆಯಾಗಿತ್ತು. ಸುಳಿವು ಬರೆಯುವ ಕೆಲಸ ನನ್ನದು. ಮೊದಲು ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ ಗೋಪುರ ಅದು. ಅದರ ಮುಖದಲ್ಲಿರುವುದು ಕನ್ನಡ ಅಂಕಿಗಳು. ದಿನಾ ಅದರ ಕೆಳಗೇ ಓಡಾಡುವವರು ಕೂಡ ತಲೆ ಎತ್ತಿ ನೋಡಿರುವುದಿಲ್ಲ. ಆಮೇಲೆ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಈ ಸಂಸ್ಥೆಯಲ್ಲೇ. ಜಗನ್ಮೋಹನ ಅರಮನೆ, ದೇವರಾಜ ಮಾರುಕಟ್ಟೆ, ಅದರ ಎದುರಿನ ಚಿಕ್ಕ ಗಡಿಯಾರ. ಇಂಥ ಊರಿನಲ್ಲಿ ಸುಳಿವಿಗೆ ಬರವೇ ಇಲ್ಲ.

ಈ ಸುಳಿವುಗಳನ್ನು ಫೋನಿಗೆ ತರುವ ಕೆಲಸಕ್ಕೆ ಒಂದು ಇವೆಂಟ್ ಕಂಪನಿ ಮುಂದೆ ಬಂತು. ಹೆಸರು ಬೇಡ. "ನಿಮಗೆ ಒಂದು ರೂಪಾಯಿ ಖರ್ಚಿಲ್ಲ ಮೇಡಂ, ಎಲ್ಲಾ ಸ್ಪಾನ್ಸರ್ ನೋಡ್ಕೊಳ್ತಾರೆ" ಅಂದರು. ಸ್ಟಿಕರ್ ಅಚ್ಚು ಹಾಕಿಸುವುದು, ರಿಜಿಸ್ಟ್ರೇಷನ್, ಬಹುಮಾನ, ಎಲ್ಲವೂ ಅವರದೇ. ಬಳಗದ ಹೆಸರೊಂದು ಇದ್ದರೆ ಸಾಕಂತೆ. ಯಾರಾದರೂ ನಿಮಗೆ ಹೀಗೆ ಹೇಳಿದರೆ ಅಲ್ಲೇ ನಿಂತು ಯೋಚಿಸಿ. ದುಡ್ಡು ಎಲ್ಲಿಂದಲೋ ಹುಟ್ಟಲೇಬೇಕು ಅಲ್ವಾ?

ಅದು ಎಲ್ಲಿಂದ ಹುಟ್ಟುತ್ತದೆ ಅನ್ನುವುದು ರಿಜಿಸ್ಟ್ರೇಷನ್ ಫಾರ್ಮ್ ನೋಡಿದರೆ ಗೊತ್ತಾಗುತ್ತದೆ. ತಂಡದ ಹೆಸರು, ಒಬ್ಬರ ಫೋನ್ ನಂಬರ್, ಆಟಕ್ಕೆ ಇಷ್ಟಿದ್ದರೆ ಸಾಕು. ಅವರ ಫಾರ್ಮಿನಲ್ಲಿ ಪ್ರತಿಯೊಬ್ಬರ ಹುಟ್ಟಿದ ದಿನ, ಮಗುವಿನ ಶಾಲೆ, ತರಗತಿ, ಅಪ್ಪ ಅಮ್ಮನ ಕೆಲಸ, ಇಬ್ಬರ ನಂಬರ್ ಎಲ್ಲವನ್ನೂ ಕೇಳಿದ್ದರು. ಕೊನೆಯಲ್ಲಿ "ಸ್ವಂತ ಮನೆಯೋ ಬಾಡಿಗೆಯೋ" ಅಂತಲೂ ಇತ್ತು. ಗಡಿಯಾರ ನೋಡಲು ಬರುವವರ ಮನೆ ಯಾರದಾದರೆ ಇವರಿಗೇನು? ನಮ್ಮ ಬಳಗದ ನಿವೃತ್ತ ಮೇಷ್ಟ್ರೊಬ್ಬರು ಇದನ್ನು ಕೇಳಿಯೇ ಕೇಳಿದರು. "ಇನ್ಶೂರೆನ್ಸ್‌ಗೆ ಬೇಕಾಗತ್ತೆ ಸಾರ್" ಅನ್ನುವ ಉತ್ತರ ಬಂತು. ಯಾವ ಇನ್ಶೂರೆನ್ಸ್, ಯಾವ ಕಂಪನಿ ಅಂದರೆ ಮಾತು ಬೇರೆ ಕಡೆ ತಿರುಗಿತು. ಆ ಪ್ರಶ್ನೆಗಳನ್ನು ತೆಗೆಯಿರಿ ಅಂತ ನಾವು ಬರೆದು ಕಳಿಸಿದೆವು. ತೆಗೆಯುತ್ತೇವೆ ಅಂದರು. ಅಷ್ಟು ಹೊತ್ತಿಗೆ ಫಾರ್ಮ್ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಊರೆಲ್ಲ ಸುತ್ತಿಯಾಗಿತ್ತು.

ಆಟದ ದಿನ ಬೆಳಿಗ್ಗೆ ಎಲ್ಲಾ ಚೆನ್ನಾಗೇ ಶುರುವಾಯಿತು. ಅಜ್ಜಿಯರು, ಮೊಮ್ಮಕ್ಕಳು, ಕಾಲೇಜು ಹುಡುಗರು, ತಂಡ ತಂಡವಾಗಿ ಹೊರಟರು. ದೊಡ್ಡ ಗಡಿಯಾರದ ಕೆಳಗೆ ಮಕ್ಕಳು ಕನ್ನಡ ಅಂಕಿ ಓದುವುದನ್ನು ಕೇಳಿ ನಿಜಕ್ಕೂ ಸಂತೋಷವಾಯಿತು. ಬಿಸಿಲು ಏರುವ ಹೊತ್ತಿಗೆ ದೇವರಾಜ ಮಾರುಕಟ್ಟೆಯಿಂದ ಫೋನ್ ಮೇಲೆ ಫೋನ್. ಕೋಡ್ ಸ್ಕ್ಯಾನ್ ಮಾಡಿದರೆ ಸುಳಿವು ಬರುತ್ತಿಲ್ಲ, "ಈ ಕೋಡ್ ಚಾಲ್ತಿಯಲ್ಲಿಲ್ಲ" ಅಂತ ಬರುತ್ತಿದೆ. ಒಂದಲ್ಲ, ಎಲ್ಲಾ ಜಾಗದಲ್ಲೂ ಅದೇ ಕಥೆ.

ಹೀಗೇಕಾಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉಳಿದ ಅಷ್ಟೂ ತೊಂದರೆಗಳ ಬೇರು ಇರುವುದು ಇಲ್ಲೇ. ಕ್ಯೂಆರ್ ಕೋಡಿನಲ್ಲಿ ಎರಡು ಥರ ಇವೆ. ಒಂದು ಸ್ಟ್ಯಾಟಿಕ್. ನಿಮ್ಮ ಪುಟದ ವಿಳಾಸ ಆ ಚುಕ್ಕಿ ಚೌಕಗಳ ಒಳಗೇ ಇರುತ್ತದೆ. ಪುಟ ಇರುವವರೆಗೂ ಕೋಡ್ ಕೆಲಸ ಮಾಡುತ್ತದೆ, ಯಾರಿಗೂ ಬಾಡಿಗೆ ಕಟ್ಟಬೇಕಿಲ್ಲ. ಇನ್ನೊಂದು ಡೈನಾಮಿಕ್. ಇದರೊಳಗೆ ಇರುವುದು ನಡುವಿನ ಒಂದು ಕಂಪನಿಯ ಪುಟ್ಟ ಲಿಂಕ್ ಮಾತ್ರ. ಸ್ಕ್ಯಾನ್ ಮಾಡಿದವರು ಮೊದಲು ಆ ಕಂಪನಿಯ ಸರ್ವರಿಗೆ ಹೋಗುತ್ತಾರೆ. ಅಲ್ಲಿಂದ ನಿಮ್ಮ ಪುಟಕ್ಕೆ ದಾಟಿಸುತ್ತಾರೆ. ಎಷ್ಟು ಜನ ಸ್ಕ್ಯಾನ್ ಮಾಡಿದರು ಅನ್ನುವ ಲೆಕ್ಕ ಸಿಗುತ್ತದೆ ಅಂತ ಇವೆಂಟ್ ಕಂಪನಿಗಳಿಗೆ ಇದೇ ಇಷ್ಟ. ಆದರೆ ಉಚಿತ ಖಾತೆಯಲ್ಲಿ ಎಷ್ಟೋ ಸಲ ಇಷ್ಟು ದಿನ, ಇಷ್ಟು ಸ್ಕ್ಯಾನ್ ಅಂತ ಮಿತಿ ಇರುತ್ತದೆ. ಮಿತಿ ಮುಗಿದರೆ ಕೋಡ್ ನಿಂತುಹೋಗುತ್ತದೆ. ಇನ್ನೂ ಮುಖ್ಯವಾದದ್ದು, ಆ ಖಾತೆ ಯಾರ ಕೈಯಲ್ಲಿದೆಯೋ ಅವರು ಯಾವಾಗ ಬೇಕಾದರೂ ಲಿಂಕನ್ನು ಬೇರೆ ಪುಟಕ್ಕೆ ತಿರುಗಿಸಬಹುದು. ಗೋಡೆಯ ಮೇಲಿನ ಸ್ಟಿಕರ್ ನೋಡಲು ಹಾಗೇ ಇರುತ್ತದೆ.

ಇವರು ಉಚಿತ ಖಾತೆಯಲ್ಲಿ ಇಡೀ ಆಟ ನಡೆಸಲು ಹೊರಟಿದ್ದರು. ಮಿತಿ ಮುಗಿಯಿತು. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಜನ ಬಿಸಿಲಿನಲ್ಲಿ ನಿಂತಿದ್ದಾಗ ಕಂಪನಿಯವರು ಮಾಡಿದ್ದೇನು ಗೊತ್ತಾ? ಪ್ಲೇಸ್ಟೋರಿನಲ್ಲೇ ಇಲ್ಲದ ಒಂದು ಆ್ಯಪಿನ ಎಪಿಕೆ ಫೈಲನ್ನು, ಅಂದರೆ ಆ್ಯಪನ್ನು ನೇರವಾಗಿ ಫೋನಿಗೆ ಹಾಕುವ ಫೈಲನ್ನು, ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಇದನ್ನು ಹಾಕಿಕೊಂಡು ಆಟ ಮುಂದುವರಿಸಿ ಅಂದರು. ಅದು ಕಾಂಟ್ಯಾಕ್ಟ್ ಪಟ್ಟಿಗೂ ಎಸ್ಎಂಎಸ್‌ಗೂ ಅನುಮತಿ ಕೇಳುತ್ತಿತ್ತು. ಎಸ್ಎಂಎಸ್ ಓದಲು ಬಿಟ್ಟರೆ ಬ್ಯಾಂಕಿನ ಓಟಿಪಿಯನ್ನೂ ಓದಲು ಬಿಟ್ಟ ಹಾಗೆ. ಮೇಷ್ಟ್ರು ಅಲ್ಲೇ ಆಟ ನಿಲ್ಲಿಸಿದರು. ಯಾರೂ ಇದನ್ನು ಹಾಕಬೇಡಿ, ಹಾಕಿದ್ದರೆ ತೆಗೆದುಬಿಡಿ ಅಂತ ಗುಂಪಿನಲ್ಲಿ ದನಿ ಕಳಿಸಿದರು. ಅದು ಎಷ್ಟು ಜನರಿಗೆ ಸಮಯಕ್ಕೆ ಮುಟ್ಟಿತೋ ಹೇಳಲಾರೆ.

ಇನ್ನೊಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ನಡಿಗೆಯ ಆಟ ಅಂತ ನಾವು ಹೇಳಿದ್ದೆವು. ಕಂಪನಿ ತನ್ನಷ್ಟಕ್ಕೆ ನಿಮಿಷದ ಲೆಕ್ಕದ ಲೀಡರ್‌ಬೋರ್ಡ್ ಇಟ್ಟು, ಬೇಗ ಮುಗಿಸಿದವರಿಗೆ ಬಹುಮಾನ ಅಂತ ಸಾರಿತ್ತು. ಕಾಲೇಜು ಹುಡುಗರು ಬೈಕ್ ಏರಿದರು. ಒಂದೊಂದು ಬೈಕಿನಲ್ಲಿ ಮೂರು ಮೂರು ಜನ, ಹಿಂದೆ ಕೂತವನ ಕಣ್ಣು ಫೋನಿನಲ್ಲಿ, ಅದೂ ಕೆ.ಆರ್. ಸರ್ಕಲ್ಲಿನಂಥ ಜಾಗದಲ್ಲಿ. ಅವತ್ತು ಯಾರಿಗೂ ಏನೂ ಆಗಲಿಲ್ಲ ಅನ್ನುವುದು ನಮ್ಮ ಪುಣ್ಯ. ಅಮೆರಿಕದಲ್ಲಿ ಫಾರೆಸ್ಟ್ ಫೆನ್ ಅನ್ನುವ ಕಲಾಕೃತಿ ವ್ಯಾಪಾರಿ ರಾಕಿ ಪರ್ವತಗಳಲ್ಲಿ ನಿಧಿ ಪೆಟ್ಟಿಗೆ ಬಚ್ಚಿಟ್ಟು, ಸುಳಿವಿಗೆ ಒಂದು ಪದ್ಯ ಬರೆದಿದ್ದರು. 2020ರಲ್ಲಿ ಅದು ವಯೋಮಿಂಗಿನಲ್ಲಿ ಸಿಗುವ ಹೊತ್ತಿಗೆ ಹುಡುಕಲು ಹೋದ ಹಲವರು ಪ್ರಾಣ ಕಳೆದುಕೊಂಡಿದ್ದರು. ಬಹುಮಾನ ಮತ್ತು ಅವಸರ ಎರಡೂ ಸೇರಿದರೆ ಜನ ಅಪಾಯ ನೋಡುವುದಿಲ್ಲ. ಬೀದಿಯಲ್ಲಿ ಆಡಿಸುವ ಆಟಕ್ಕೆ ಗಡಿಯಾರದ ಲೆಕ್ಕ ಇಡಲೇಬೇಡಿ. ಎಲ್ಲಾ ಉತ್ತರ ಸರಿ ಇದ್ದವರಲ್ಲಿ ಚೀಟಿ ಎತ್ತಿದರೆ ಆಯಿತು.

ಆಟ ಅವತ್ತಿಗೆ ಮುಗಿಯಿತು, ಕಾಟ ಮುಗಿಯಲಿಲ್ಲ. ಆ ವಾರದಿಂದಲೇ ಬಳಗದವರ ಫೋನು ಬಡಿದುಕೊಳ್ಳಲು ಶುರುವಾಯಿತು. ಸೈಟ್ ಇದೆ ಸಾರ್, ಮಗನಿಗೆ ಕೋಚಿಂಗ್ ಇದೆ ಮೇಡಂ, ಸ್ಕೂಟರ್ ಇನ್ಶೂರೆನ್ಸ್ ಮುಗೀತಾ? ಇಂಥ ಕರೆ ಎಲ್ಲರಿಗೂ ಬರುತ್ತದೆ, ಸುಮ್ನೆ ಅನುಮಾನ ಪಡಬೇಡಿ ಅಂತ ಕಂಪನಿಯವರು ಜಾರಿಕೊಂಡರು. ಆದರೆ ಒಬ್ಬರಿಗೆ ಬಂದ ಕರೆಯಲ್ಲಿ "ಹಲೋ, ಮಲ್ಲಿಗೆ ಮೊಗ್ಗು ತಂಡದವರಾ?" ಅಂತ ಕೇಳಿದ್ದರು. ಆ ಹೆಸರನ್ನು ಆ ಮನೆಯ ಪುಟ್ಟ ಹುಡುಗಿ ಆಟಕ್ಕೆಂದೇ ಇಟ್ಟದ್ದು. ಆ ಫಾರ್ಮಿನಲ್ಲಿ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಅದು ಇರಲಿಲ್ಲ. ಬಾಡಿಗೆ ಮನೆ ಅಂತ ಬರೆದವರಿಗೆ ಸೈಟಿನ ಕರೆ ಜಾಸ್ತಿ, ಹತ್ತನೇ ತರಗತಿ ಅಂತ ಬರೆದವರಿಗೆ ಕೋಚಿಂಗಿನ ಕರೆ ಜಾಸ್ತಿ. ಪಟ್ಟಿ ಹೋಗಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆಮೇಲೆ ಬಂದದ್ದು ಶುದ್ಧ ಮೋಸ. "ನಿಮ್ಮ ತಂಡಕ್ಕೆ ಎರಡನೇ ಬಹುಮಾನ ಬಂದಿದೆ, ದುಡ್ಡು ಹಾಕಲು ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂತ ಒಬ್ಬ ತಂದೆಗೆ ಕರೆ ಬಂತು. ತಂಡದ ಹೆಸರು, ಮಗಳ ಹೆಸರು, ಶಾಲೆ ಎಲ್ಲಾ ಸರಿಯಾಗಿ ಹೇಳಿದ್ದರಿಂದ ಅವರು ನಂಬಿದರು. ಖಾತೆಯಿಂದ 9 ಸಾವಿರ ರೂಪಾಯಿ ಹೋಯಿತು. ಅವರ ತಪ್ಪು ಅಂತ ನಾನು ಖಂಡಿತ ಹೇಳುವುದಿಲ್ಲ. ಅಷ್ಟು ವಿವರ ಗೊತ್ತಿದ್ದವನು ಮೋಸಗಾರ ಅಂತ ಯಾರಿಗೆ ಹೊಳೆಯುತ್ತದೆ? ಯುಪಿಐಯಲ್ಲಿ ದುಡ್ಡು ಬರಲು ಪಿನ್ ಬೇಕೇ ಇಲ್ಲ. ಪಿನ್ ಒತ್ತುವುದು ದುಡ್ಡು ಕೊಡುವುದಕ್ಕೆ. ಇದನ್ನು ನಿಮ್ಮ ಮನೆಯ ಹಿರಿಯರಿಗೆ ಇವತ್ತೇ ಹೇಳಿ. ದುಡ್ಡು ಹೋಗಿಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಯ ದೂರಿಗೆ ಇರುವ ನಂಬರ್ ಅದು. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹೋಗದಂತೆ ತಡೆಯುವ ಸಾಧ್ಯತೆ ಜಾಸ್ತಿ.

ನನಗೆ ಎಲ್ಲಕ್ಕಿಂತ ಸಂಕಟವಾದದ್ದು ಇನ್ನೊಂದರಿಂದ. ಡಿಸೆಂಬರಿನಲ್ಲಿ ಮಾರುಕಟ್ಟೆಯ ಹೂವಿನ ಅಂಗಡಿಯವರೊಬ್ಬರು ನಮ್ಮವರನ್ನು ಕರೆದು ಕೇಳಿದರು: "ನೀವು ಸಾಲ ಕೊಡೋರಾ? ಹುಡುಗ್ರು ಬಂದು ಸ್ಕ್ಯಾನ್ ಮಾಡ್ತಾ ಇರ್ತಾರೆ." ಹೋಗಿ ನೋಡಿದರೆ ನಮ್ಮ ಸ್ಟಿಕರೇ. ಮೇಲೆ ಬಳಗದ ಹೆಸರು. ಸ್ಕ್ಯಾನ್ ಮಾಡಿದರೆ ಐದು ನಿಮಿಷದಲ್ಲಿ ಸಾಲ ಕೊಡುತ್ತೇವೆ ಅನ್ನುವ ಪುಟ. ಆಟದ ದಿನ ಸತ್ತುಹೋಗಿದ್ದ ಲಿಂಕಿಗೆ ಯಾರೋ ದುಡ್ಡು ಕಟ್ಟಿ, ಜೀವ ತಂದು, ಬೇರೆ ಕಡೆ ತಿರುಗಿಸಿದ್ದರು. ಪುಸ್ತಕ ಓದಿಸಲು ಕಟ್ಟಿದ ಬಳಗದ ಹೆಸರು ನಂಬಿ ಯಾರೋ ಒಬ್ಬ ಹುಡುಗ ಆ ಸಾಲದ ಬಲೆಗೆ ಬಿದ್ದಿದ್ದರೆ? ಆ ಯೋಚನೆಗೆ ಈಗಲೂ ನಿದ್ದೆ ಬರುವುದಿಲ್ಲ. ಕಂಪನಿಗೆ ಫೋನ್ ಮಾಡಿದರೆ, ಆ ಖಾತೆ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟಿದ್ದಾರೆ, ನಮಗೆ ಗೊತ್ತಿಲ್ಲ ಅಂದರು.

ಸ್ಟಿಕರ್‌ಗಳನ್ನು ಎಲ್ಲೆಲ್ಲಿ ಅಂಟಿಸಿದ್ದಾರೆ ಅನ್ನುವ ಪಟ್ಟಿಯೂ ಅವರ ಹತ್ತಿರ ಇರಲಿಲ್ಲ. ನಾವು ಕೊಟ್ಟ ಜಾಗಗಳನ್ನು ಬಿಟ್ಟು ಕಂಬ, ಕಾಂಪೌಂಡು, ಹಳೆಯ ಕಲ್ಲು ಕಟ್ಟಡ ಅಂತ ನೋಡದೆ ಬಲವಾದ ಗೋಂದು ಹಾಕಿ ಮೆತ್ತಿದ್ದರು. ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಜಾಹೀರಾತು ಅಂಟಿಸುವುದಕ್ಕೆ ನಮ್ಮ ರಾಜ್ಯದಲ್ಲಿ 1981ರ ಕಾಯ್ದೆಯೇ ಅಡ್ಡ ಇದೆ. ಕೇಸ್ ಬಿದ್ದರೆ ಸ್ಟಿಕರಿನ ಮೇಲೆ ಯಾರ ಹೆಸರಿದೆಯೋ ಅವರನ್ನೇ ಮೊದಲು ಕೇಳುತ್ತಾರೆ.

ಇಷ್ಟೆಲ್ಲ ಆದರೂ ಆಟ ಬಿಡಿ ಅಂತ ನಾನು ಹೇಳುವುದಿಲ್ಲ. ಗಡಿಯಾರದ ಕೆಳಗೆ ಆ ಮಕ್ಕಳ ಮುಖ ನೋಡಿದ್ದೇನೆ. ಆದರೆ ಯಾರ ಕೈಗಾದರೂ ಕೊಡುವ ಮುಂಚೆ, ಕೋಡ್ ಸ್ಟ್ಯಾಟಿಕ್ಕಾ ಡೈನಾಮಿಕ್ಕಾ, ಖಾತೆ ಯಾರ ಇಮೇಲಿನಲ್ಲಿದೆ ಅಂತ ಕೇಳಿ. ಖಾತೆ ನಿಮ್ಮ ಸಂಘದ ಹೆಸರಿನಲ್ಲಿ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಸಿ. ರಿಜಿಸ್ಟ್ರೇಷನ್ ಫಾರ್ಮ್ ನಿಮ್ಮದೇ ಇರಲಿ. ಗೂಗಲ್ ಫಾರ್ಮ್ ಮಾಡಿದರೆ, ತುಂಬಿದವರಿಗೆ ಬೇರೆಯವರ ಉತ್ತರಗಳ ಸಾರಾಂಶ ತೋರಿಸುವ ಆಯ್ಕೆ ಆಫ್ ಇದೆಯಾ ಅಂತ ನೋಡಿ. ಉತ್ತರಗಳ ಶೀಟನ್ನು ಲಿಂಕ್ ಇದ್ದವರೆಲ್ಲ ತೆರೆಯುವ ಹಾಗೆ ಬಿಡಬೇಡಿ. ಮಕ್ಕಳ ಹೆಸರು, ಶಾಲೆ ಬೇಡವೇ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ವಿವರಕ್ಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತಲೇ ಇದೆ. ತಂಡದಿಂದ ದೊಡ್ಡವರೊಬ್ಬರ ನಂಬರ್ ತೆಗೆದುಕೊಳ್ಳಿ, ಬಹುಮಾನ ಕೊಟ್ಟ ಮೇಲೆ ಅಳಿಸಿ, ಅಳಿಸಿದ್ದೇವೆ ಅಂತ ಅವರಿಗೆ ತಿಳಿಸಿ.

ನಿಜ ಹೇಳಬೇಕೆಂದರೆ ಸ್ಟಿಕರೇ ಬೇಕಿಲ್ಲ. ಉತ್ತರ ಆ ಜಾಗದಲ್ಲೇ ಇರುತ್ತದೆ. ಬೆಳಿಗ್ಗೆ ಎಲ್ಲಾ ಸುಳಿವುಗಳ ಒಂದು ಹಾಳೆ ಕೈಗೆ ಕೊಡಿ, ಅಥವಾ ನಿಮ್ಮದೇ ಪುಟದಲ್ಲಿ ಹಾಕಿ. "ಗಡಿಯಾರದ ನೆತ್ತಿಯಲ್ಲಿ ಯಾವ ಅಂಕಿ ಇದೆ, ಅದನ್ನು ಹಾಗೇ ಬರೆಯಿರಿ" ಅಂತ ಕೇಳಿದರೆ ಮಗು ೧೨ ಅಂತ ಬರೆಯುತ್ತದೆ. ಅದಕ್ಕೆ ಗೋಂದೂ ಬೇಡ, ಸರ್ವರೂ ಬೇಡ.

ನಮ್ಮ ಕಡೆಯಿಂದ ದೂರು ಕೊಟ್ಟಿದ್ದೇವೆ. ನಂಬರ್ ಕೊಟ್ಟಿದ್ದ ಎಲ್ಲಾ ಮನೆಗಳಿಗೂ ವಿಷಯ ತಿಳಿಸಿದ್ದೇವೆ. ಸ್ಟಿಕರ್ ಕೀಳುವ ಕೆಲಸ ಇನ್ನೂ ಮುಗಿದಿಲ್ಲ. ಅಲ್ಲಲ್ಲಿ ಹರಿದು ಬಿಟ್ಟವು ಈಗಲೂ ಸ್ಕ್ಯಾನ್ ಆಗುತ್ತಿವೆ. ಕ್ಯೂಆರ್ ಕೋಡನ್ನು ಮಾಡಿರುವುದೇ ಹಾಗೆ, ಗಟ್ಟಿ ಬಗೆಯದ್ದರಲ್ಲಿ ಸುಮಾರು ಶೇಕಡಾ 30ರಷ್ಟು ಭಾಗ ಹಾಳಾದರೂ ಉಳಿದದ್ದರಿಂದ ವಿಷಯ ಹೊರಬರುತ್ತದೆ. ಹಾಗಾಗಿ ಮೈಸೂರಿನಲ್ಲಿ ಟ್ರೆಷರ್ ಹಂಟ್ ಅಂತ ಬರೆದ ಹಳೆಯ ಸ್ಟಿಕರ್ ಎಲ್ಲಾದರೂ ಕಂಡರೆ ದಯವಿಟ್ಟು ಸ್ಕ್ಯಾನ್ ಮಾಡಬೇಡಿ. ನಡುವೆ ಗೀಚಿ ಬಿಡುವುದೂ ಸಾಲದು. ಮೂರು ಮೂಲೆಗಳಲ್ಲಿ ದೊಡ್ಡ ಚೌಕಗಳಿರುತ್ತವೆ, ಫೋನು ಕೋಡನ್ನು ಗುರುತಿಸುವುದು ಅವುಗಳಿಂದಲೇ. ಪೂರ್ತಿ ಕಿತ್ತು ಬರದಿದ್ದರೆ ಆ ಮೂರನ್ನೂ ಕೆರೆದುಬಿಡಿ.